ಹಗ್ಗ ಹಿಡಿದವನ ಕೈ

ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಬೆಳಗಿನ ಆರರಿಂದ ಎಂಟರವರೆಗೆ ಮಾತ್ರ ಊರು ಮನುಷ್ಯರದು, ಆಮೇಲೆ ಬಿಸಿಲಿನದು. ಶರಣಬಸವೇಶ್ವರ ಗುಡಿಯಿಂದ ಸ್ವಲ್ಪ ದೂರದ ಈ ಹಳೇ ಓಣಿಯಲ್ಲಿ ರಾತ್ರಿಯ ತಂಪು ಇನ್ನೂ ಪೂರಾ ಆರಿಲ್ಲ. ಬನ್ನಿ, ಎದುರು ಮನೆಯ ಕಟ್ಟೆಯ ಮೇಲೆ ಕೂಡೋಣ, ಅಲ್ಲಿಂದ ಎಲ್ಲಾ ಕಾಣುತ್ತದೆ. ಶಹಾಬಾದಿ ಪರಸಿ ಹಾಸಿದ ಅಂಗಳ, ಅದರ ತುಂಬ ನಿನ್ನೆ ಗುಡಿಸಿದರೂ ಮತ್ತೆ ಉದುರಿದ ಬೇವಿನ ಹೂವು, ಸಣ್ಣಗೆ ಸಿಹಿಕಹಿ ವಾಸನೆ. ಅಂಗಳದ ಮೂಲೆಯಿಂದ ಎದ್ದು, ಮಾಳಿಗೆಯ ಮೇಲೆ ಅರ್ಧ ಮನೆಯನ್ನೇ ಮುಚ್ಚಿ ನಿಂತಿರುವ ಬೇವಿನ ಗಿಡ. ನಮ್ಮ ಕಡೆ ಎಷ್ಟು ದೊಡ್ಡದಾದರೂ ಅದು ಗಿಡವೇ. ಮರ ಅನ್ನುವುದು ಪುಸ್ತಕದ ಮಾತು.

ಆ ಗಿಡವನ್ನು ಇವತ್ತು ತೆಗೆಯುತ್ತಾರೆ.

ಉಸ್ತಾದ್ ಆಗಲೇ ಬಂದಿದ್ದಾನೆ. ಐವತ್ತರ ಮೇಲಿನ ವಯಸ್ಸು, ತೆಳ್ಳಗಿನ ಆಳು, ತಲೆಗೆ ಮಗನ ಬೈಕಿನ ಹೆಲ್ಮೆಟ್. ಜೊತೆಗೆ ನಾಲ್ಕು ಹುಡುಗರು. ಅವರು ಟೆಂಪೋದಿಂದ ಕೊಡಲಿ, ಕೈಗರಗಸ, ಪೆಟ್ರೋಲ್ ಗರಗಸ, ಹೆಬ್ಬೆರಳು ದಪ್ಪದ ನೈಲಾನ್ ಹಗ್ಗದ ಎರಡು ಸುರುಳಿ ಎಲ್ಲಾ ಇಳಿಸುತ್ತಿದ್ದರೆ, ಉಸ್ತಾದ್ ಮಾತ್ರ ಏನೂ ಮುಟ್ಟದೆ ಗಿಡದ ಸುತ್ತ ಮೂರು ಸುತ್ತು ಹಾಕಿದ. ಆಮೇಲೆ ಕೊಡಲಿಯ ಹಿಂಬದಿಯಿಂದ ಬೊಡ್ಡೆಗೆ ಬಡಿದ. ಟಕ್, ಟಕ್, ಟಕ್. ಮನೆಯ ಕಡೆಯ ಮಗ್ಗಲಿಗೆ ಬಂದಾಗ ಸದ್ದು ಬದಲಾಯಿತು. ಡೊಬ್, ಖಾಲಿ ಡಬ್ಬಿಯ ಹಾಗೆ. ಒಳಗೆ ಟೊಳ್ಳು. ಬುಡದಲ್ಲಿ ಕಂದು ಬಣ್ಣದ ಅಣಬೆ ಕಿವಿಯಂತೆ ಅಂಟಿಕೊಂಡಿತ್ತು. ‘ಇದೇ ನೋಡ್ರಿ, ಒಳಗ ತಿಂದು ಹೊರಗ ಬಂದು ಕುಂತದ’ ಅಂದ.

ಮನೆಯ ಅಜ್ಜಿ ಬೊಡ್ಡೆಗೆ ಅರಿಶಿಣ ಕುಂಕುಮ ಹಚ್ಚಿ, ಊದುಬತ್ತಿ ಸಿಗಿಸಿ, ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಅವರು ಮದುವೆಯಾಗಿ ಬಂದಾಗ ಗಿಡ ಕಿಟಕಿಯಷ್ಟು ಎತ್ತರವಿತ್ತಂತೆ. ಹೋದ ಮುಂಗಾರಿನ ಮುಂಚಿನ ಬಿರುಗಾಳಿಗೆ ಕೈತೋಳು ದಪ್ಪದ ಟೊಂಗೆಯೊಂದು ಮುರಿದು ಮಾಳಿಗೆಯ ಕಟ್ಟೆ ಒಡೆದಿತ್ತು. ಆಗಿನಿಂದ ಮನೆಯವರ ಚಿಂತೆ ಶುರು. ಇಲ್ಲಿಯದು ಎರೆಮಣ್ಣು, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣು. ಬಿರಿದ ಮಣ್ಣಿನಲ್ಲಿ ಬೇರಿನ ಹಿಡಿತ ನಂಬುವ ಹಾಗಿಲ್ಲ. ಸ್ವಂತ ಅಂಗಳದ್ದೇ ಗಿಡವಾದರೂ ತಾನೇ ಕಡಿಯುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿಯಂಥವಕ್ಕೆ ವಿನಾಯಿತಿ ಉಂಟು, ಬೇವಿಗೆ ಇಲ್ಲ. ಜೀವಕ್ಕೋ ಆಸ್ತಿಗೋ ಅಪಾಯವೆಂದು ಕಂಡರೆ ಅನುಮತಿ ಕೊಡಲೇಬೇಕು, ಕಡಿದವರು ಬದಲಿ ಗಿಡ ನೆಡಬೇಕು. ಆ ಕಾಗದವನ್ನು ಮನೆಯ ಯಜಮಾನರು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಗಲಲ್ಲೇ ಹಿಡಿದುಕೊಂಡು ನಿಂತಿದ್ದರು, ಯಾರೂ ಕೇಳದಿದ್ದರೂ.

ಜೆಸ್ಕಾಂ ಲೈನ್‌ಮನ್ ಬಂದು ಕಂಬದ ಮೇಲೆ ಕರೆಂಟು ತೆಗೆದು ಕೈ ಎತ್ತಿ ತೋರಿಸಿದ ಮೇಲೆಯೇ ಉಸ್ತಾದ್ ಹತ್ತುವ ಹುಡುಗನ ಸೊಂಟಕ್ಕೆ ಪಟ್ಟಿ ಬಿಗಿದ. ಹಸಿ ಟೊಂಗೆ ತಂತಿಗೆ ತಾಗಿದರೆ ಅದೂ ತಂತಿಯೇ.

ಗಿಡ ಬೀಳಿಸುವುದನ್ನು ನೋಡಲು ಬಂದ ಓಣಿಯ ಹುಡುಗರಿಗೆ ಮೊದಲ ಒಂದು ತಾಸು ನಿರಾಸೆಯೇ. ಏನೂ ಬೀಳಲಿಲ್ಲ. ಮನೆಗೆ ಆರಡಿ ದೂರದ ಗಿಡವನ್ನು ಬುಡದಿಂದ ಕೊಯ್ದು ಕೆಡವಲು ಜಾಗವೆಲ್ಲಿದೆ? ಅದನ್ನು ತುದಿಯಿಂದ ಬುಡಕ್ಕೆ ತುಂಡು ತುಂಡಾಗಿ ಇಳಿಸಬೇಕು. ಇವರ ಬಾಯಲ್ಲಿ ‘ಕಡಿಯೋದು’ ಎಂಬ ಮಾತೂ ಕಡಿಮೆ. ‘ಇವತ್ತು ಒಂದು ಬೇವು ಇಳಸೂದದ’ ಅನ್ನುತ್ತಾರೆ, ಮಾಳಿಗೆಯಿಂದ ತೊಗರಿ ಚೀಲ ಇಳಿಸಿದ ಹಾಗೆ.

ಮೇಲೆ ಹತ್ತಿದವನು ಇಪ್ಪತ್ತೆರಡರ ಹುಡುಗ. ಸೊಂಟದ ಹಗ್ಗ ಮೇಲಿನ ಗಟ್ಟಿ ಕವೆಗೆ. ಪೆಟ್ರೋಲ್ ಗರಗಸ ಇನ್ನೊಂದು ಹಗ್ಗದಲ್ಲಿ, ಕೈ ತಪ್ಪಿದರೂ ಅದು ಕೆಳಗಿನವನ ತಲೆಗೆ ಬರಬಾರದು. ಮಾಳಿಗೆಯ ಕಡೆ ಚಾಚಿದ ದೊಡ್ಡ ಟೊಂಗೆಯ ನಡುವಿಗೆ ಹಗ್ಗ ಕಟ್ಟಿದ, ಅದನ್ನು ಮೇಲಿನ ಇನ್ನೊಂದು ಕವೆಯ ಮೇಲಿಂದ ಹಾಯಿಸಿ ಕೆಳಗೆ ಬಿಟ್ಟ. ಕೆಳಗೆ ಉಸ್ತಾದ್ ಆ ಹಗ್ಗವನ್ನು ಬೊಡ್ಡೆಗೆ ಮೂರು ಸುತ್ತು ಸುತ್ತಿ ತುದಿಯನ್ನು ಎರಡೂ ಕೈಯಲ್ಲಿ ಸಡಿಲವಾಗಿ ಹಿಡಿದು, ಬೀಳುವ ಜಾಗದಿಂದ ಪಕ್ಕಕ್ಕೆ ಸರಿದು ನಿಂತ. ಒಂದಡಿ ದಪ್ಪ, ಆರೇಳು ಅಡಿ ಉದ್ದದ ಹಸಿ ಬೇವಿನ ತುಂಡು ಎಂದರೆ ನೂರು ಕಿಲೋ ದಾಟುತ್ತದೆ, ಒಂದು ಚೀಲ ತೊಗರಿಗಿಂತ ಹೆಚ್ಚು. ಅದನ್ನು ಹಿಡಿಯುವುದು ಕೈಯಲ್ಲ, ಆ ಮೂರು ಸುತ್ತಿನ ತಿಕ್ಕಾಟ. ಕೈಗೆ ಇರುವ ಕೆಲಸ ಬಿಡುವುದು ಮಾತ್ರ, ಅದೂ ಇಂಚು ಇಂಚಾಗಿ.

ಮೇಲೆ ಗರಗಸ ಕಿರುಚಿತು. ಮೊದಲು ಟೊಂಗೆಯ ಅಡಿಯಿಂದ ಒಂದು ಸಣ್ಣ ಕಚ್ಚು, ಆಮೇಲೆ ಮೇಲಿನಿಂದ. ಅಡಿಯ ಕಚ್ಚು ಇಲ್ಲದಿದ್ದರೆ ಟೊಂಗೆ ಅರ್ಧಕ್ಕೆ ಮುರಿದು, ತೊಗಟೆ ಹರಿದುಕೊಂಡು, ಕೊಯ್ಯುವವನ ಕಡೆಗೇ ತೂಗಿ ಬರುತ್ತದೆ. ಹಳದಿ ಹೊಟ್ಟು ಹಿಟ್ಟಿನ ಗಿರಣಿಯ ಧೂಳಿನಂತೆ ಉದುರಿತು, ಓಣಿಯ ತುಂಬ ಕಹಿ ಗಾಳಿ, ನಾಲಿಗೆಗೆ ತಾಗುವಷ್ಟು. ‘ಬಂತು!’ ಎಂದ ಹುಡುಗ. ‘ಬರಲಿ!’ ಎಂದ ಉಸ್ತಾದ್. ಟೊಂಗೆ ಲಟಕ್ಕೆಂದು ಕಳಚಿ ಒಂದು ಮೊಳ ಇಳಿದು, ಹಗ್ಗ ಗರ್ ಎಂದು ಬೊಡ್ಡೆ ತೀಡಿ, ಅಷ್ಟು ದೊಡ್ಡ ಹಸಿರು ರಾಶಿ ಮಾಳಿಗೆಗೆ ಒಂದು ಎಲೆಯೂ ತಾಗದಂತೆ ಗಾಳಿಯಲ್ಲಿ ನಿಂತಿತು. ಆಮೇಲೆ ತೊಟ್ಟಿಲು ತೂಗಿದಂತೆ ಅತ್ತ ಇತ್ತ ತೂಗುತ್ತ ಅಂಗಳಕ್ಕೆ ಇಳಿದು ಕೂತಿತು. ಪರಸಿಯ ಮೇಲೆ ಸಪ್ಪಳವೂ ಆಗಲಿಲ್ಲ. ಓಣಿಯ ಹುಡುಗರಿಗೆ ಈಗ ನಿರಾಸೆ ನೆನಪಿರಲಿಲ್ಲ.

ಹತ್ತಕ್ಕೆ ಸುಸಲಾ, ಮಿರ್ಚಿ ಭಜಿ, ಚಹಾ. ಮಧ್ಯಾಹ್ನ ಎರಡಕ್ಕೆ ಉಳಿದದ್ದು ಆಳೆತ್ತರದ ಬೊಡ್ಡೆ. ಅದರ ತಲೆಯ ಮೇಲೆ ಇಣುಕಿದರೆ ಒಳಗೆ ಗಡಿಗೆಯಷ್ಟು ಟೊಳ್ಳು, ಚಹಾಪುಡಿಯಂತೆ ಉದುರುವ ಕೊಳೆತ ಕಟ್ಟಿಗೆ. ಇಷ್ಟು ದಿನ ಗಿಡ ನಿಂತದ್ದು ಹೊರಗಿನ ನಾಲ್ಕು ಬೆರಳು ಗಟ್ಟಿ ಕಟ್ಟಿಗೆಯ ಮೇಲೆ. ಗೆದ್ದಲು ಮುಟ್ಟಲು ಹಿಂಜರಿಯುವ ಕಟ್ಟಿಗೆಯೆಂದು ಬಾಗಿಲಿಗೆ ಬೇವು ಹುಡುಕುತ್ತೇವೆ, ಅಣಬೆಗೆ ಆ ಸಂಕೋಚವಿಲ್ಲ. ಅಡುಗೆಮನೆಯ ಕಿಟಕಿಯಿಂದ ಮೊದಲ ಸಲ ನೇರ ಬಿಸಿಲು ಒಳಗೆ ಬಿದ್ದಿತ್ತು. ಸೊಸೆ ಅಲ್ಲಿಗೆ ಹಳೇ ಚಾದರ ಕಟ್ಟುತ್ತಿದ್ದರು.

ಮರುದಿನ ಇನ್ನೊಂದು ಗಿಡಕ್ಕಾಗಿ ಅದೇ ಟೆಂಪೋ ಹುಮನಾಬಾದ್ ರಸ್ತೆ ಹಿಡಿಯಿತು. ನಾನೂ ಹಿಂದೆ ಬೈಕಿನಲ್ಲಿ. ಕುರಿಕೋಟಾ ಸೇತುವೆ ದಾಟಿ, ಮಹಾಗಾಂವ್ ಕ್ರಾಸ್ ದಾಟಿ, ಸುಮಾರು 35 ಕಿಲೋಮೀಟರ್ ಆದ ಮೇಲೆ ಕಮಲಾಪುರ. ಎರೆಹೊಲದ ಕಪ್ಪು ಇಲ್ಲಿ ಮಣ್ಣಿನ ಕೆಂಪಿಗೆ ತಿರುಗುತ್ತದೆ. ಆ ಮಣ್ಣಿಗೇ ಹೊಂದಿಕೊಂಡ ಕೆಂಪು ಬಾಳೆಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಕಾಯಿಸುತ್ತದೆ, ಹೆಚ್ಚು ದುಡ್ಡೂ ಕೇಳುತ್ತದೆ.

ಅಲ್ಲಿಯ ಒಂದು ತೋಟದ ಮನೆಯ ಹಿಂದೆ ತುದಿಯಿಂದ ಒಣಗುತ್ತ ಬಂದ ಹುಣಸೆ ಗಿಡ. ಒಂದು ಮಗ್ಗಲಿಗೆ ಹೆಂಚಿನ ಮನೆ, ಇನ್ನೊಂದಕ್ಕೆ ಗೊನೆ ಹೊತ್ತ ಕೆಂಪು ಬಾಳೆ, ನಡುವೆ ಬಂಡಿ ಹೋಗುವಷ್ಟು ಅಗಲದ ದಾರಿ. ಇಲ್ಲಿ ಇಳಿಸುವುದಿಲ್ಲ, ಬೀಳಿಸುತ್ತಾರೆ, ಆ ದಾರಿಯಲ್ಲೇ. ಎದೆ ಡವಗುಟ್ಟಿದ್ದು ಇಲ್ಲಿ, ನಿನ್ನೆ ಅಲ್ಲ.

ಉಸ್ತಾದ್ ಒಂದು ತೊಗರಿಕಟ್ಟಿಗೆ ಆರಿಸಿ ತನ್ನ ತೋಳಿನ ಉದ್ದಕ್ಕೆ ಮುರಿದ. ತೋಳು ನೇರ ಚಾಚಿ, ಕಟ್ಟಿಗೆಯನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ ಹಿಂದಕ್ಕೆ ಹಿಂದಕ್ಕೆ ಸರಿದ. ಕಟ್ಟಿಗೆಯ ಬುಡ ಗಿಡದ ಬುಡಕ್ಕೆ, ತುದಿ ತುದಿಗೆ ಕೂಡಿದಲ್ಲಿ ನಿಂತ. ಅಲ್ಲಿಂದ ಗಿಡಕ್ಕೆ ಇರುವ ದೂರವೇ ಗಿಡದ ಎತ್ತರ. ಕಾಲ ಕೆಳಗೆ ಒಂದು ಕಲ್ಲಿಟ್ಟ. ‘ತುದಿ ಇಲ್ಲಿ ಬರತದ. ಯಾರಿದ್ರೂ ಇದರ ಎರಡು ಪಟ್ಟು ದೂರ ನಿಂದ್ರಬೇಕು.’

ಎರಡೂವರೆ ಅಡಿ ದಪ್ಪದ ಬೊಡ್ಡೆಗೆ ದಾರಿಯ ಕಡೆಯಿಂದ ಒಂದು ಗೇಣು ಆಳದ ಕಚ್ಚು ಬಿತ್ತು, ಕಲ್ಲಂಗಡಿಯ ಹೋಳು ತೆಗೆದಂತೆ. ಹುಣಸೆ ಬೇವಿನಂತಲ್ಲ. ಕಟುಕರು ಕೊರಡಿಗೆ ಹುಡುಕುವ ಕಟ್ಟಿಗೆ ಅದು. ಗರಗಸದ ಹಲ್ಲು ಎರಡು ಸಲ ಮಸೆಯಬೇಕಾಯಿತು. ಆಮೇಲೆ ಹಿಂದಿನಿಂದ, ಕಚ್ಚಿಗಿಂತ ಎರಡು ಬೆರಳು ಮೇಲೆ ಕೊಯ್ತ. ಕೊಯ್ತ ಹೊಕ್ಕಂತೆ ಅದರ ಹಿಂದೆ ಜಾಲಿಯ ಬೆಣೆ ಬಡಿದರು, ಗಿಡ ಹಿಂದಕ್ಕೆ ಕೂತು ಗರಗಸ ಕಚ್ಚದಿರಲಿ ಎಂದು. ಪೂರ್ತಿ ಕೊಯ್ಯಲಿಲ್ಲ. ನಡುವೆ ಮೂರು ಇಂಚು ಕಟ್ಟಿಗೆ ಬಿಟ್ಟ. ಅದು ಬಾಗಿಲಿನ ತಿರುಗಣಿ. ಅದನ್ನೂ ಕೊಯ್ದರೆ ಗಿಡ ಎತ್ತ ತಿರುಗುತ್ತದೋ ದೇವರಿಗೇ ಗೊತ್ತು.

ಮೇಲೆ ಕಟ್ಟಿದ ಹಗ್ಗವನ್ನು ಕಲ್ಲಿನಾಚೆ ದೂರ ನಿಂತ ಟ್ರ್ಯಾಕ್ಟರ್ ಸಾವಕಾಶ ಬಿಗಿ ಮಾಡಿತು. ಒಳಗಿನಿಂದ ಒಂದು ನರಳು, ರೊಟ್ಟಿ ಮುರಿದಂತೆ ಚಟಪಟ. ಉಸ್ತಾದ್ ಗರಗಸ ಆರಿಸಿ, ಬೀಳುವ ದಿಕ್ಕಿಗೆ ನೇರ ಬೆನ್ನು ಹಾಕದೆ ಓರೆಯಾಗಿ ಹಿಂದಕ್ಕೆ ಮೊದಲೇ ಸವರಿಟ್ಟ ದಾರಿಯಲ್ಲಿ ನಡೆದುಬಿಟ್ಟ. ಓಡಲಿಲ್ಲ. ಹುಣಸೆ ಮೊದಲು ಯೋಚಿಸಿದಂತೆ ನಿಧಾನಕ್ಕೆ, ಆಮೇಲೆ ಒಮ್ಮೆಲೇ ಬಿತ್ತು. ನೆಲ ಕಾಲಿಗೆ ಬಡಿಯಿತು, ಕೆಂಪು ಧೂಳು ಎದ್ದಿತು. ಧೂಳು ಇಳಿದಾಗ ನೋಡಿದರೆ ಒಣ ತುದಿ ಕಲ್ಲಿಗೆ ಒಂದು ಮಾರು ಈಚೆ. ಬಾಳೆಯ ಒಂದು ಎಲೆ ಸೀಳಿತ್ತು, ಅಷ್ಟೇ.

ಮನೆಯವರು ಕೆಂಪು ಬಾಳೆಯ ಒಂದು ಹಣಿಗೆ ತಂದಿಟ್ಟರು. ಹುಡುಗರು ಸುಲಿದು ತಿನ್ನತೊಡಗಿದರು. ಉಸ್ತಾದ್ ತನ್ನ ಹಣ್ಣು ಪಕ್ಕಕ್ಕಿಟ್ಟು, ಹಗ್ಗವನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಬೆರಳ ನಡುವೆ ಎಳೆಯುತ್ತ ಕೂತ. ಒಂದು ಕಡೆ ಬೆರಳು ನಿಂತಿತು. ಎರಡು ಎಳೆ ಹರಿದಿದ್ದವು. ಅಲ್ಲಿಗೆ ಕೊಯ್ದ. ತುಂಡಾಗಿ ಬಿದ್ದ ಹಗ್ಗವನ್ನು ಮನೆಯ ಹುಡುಗ ಜೋಕಾಲಿಗೆ ಕೇಳಿದ.

‘ಜೋಕಾಲಿಗೆ ಬ್ಯಾಡಪ್ಪ’ ಎಂದು ಉಸ್ತಾದ್ ಅದನ್ನು ಮತ್ತೆ ಮೊಳದುದ್ದಕ್ಕೆ ಎರಡು ಮಾಡಿ ಕೊಟ್ಟ. ‘ಕರ ಕಟ್ಟಲಿಕ್ಕ ಸಾಕು.’

ಹುಡುಗ ಎರಡೂ ತುಂಡು ಹಿಡಿದು ಕೊಟ್ಟಿಗೆಯ ಕಡೆ ಹೋದ. ಉಸ್ತಾದ್ ಹಣ್ಣು ಸುಲಿದ.