ಮೆಣಸಿನಕಾಯಿಯ ನೀರು ಆವಿಯಾಗಲಿ, ಆವಿ ಮತ್ತೆ ನೀರಾಗದಿರಲಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ರೈತರು ಕಣದಲ್ಲಿ ಮೆಣಸಿನಕಾಯಿ ಹರವುವುದು ಕಾಯಿಯೊಳಗಿನ ನೀರು ಆವಿಯಾಗಿ ಹೋಗಲೆಂದು. ಆ ಆವಿ ಮತ್ತೆ ನೀರಾಗಿ ಕಾಯಿಯ ಮೇಲೆ ಕುಳಿತರೆ ಬೂಷ್ಟು ಹಿಡಿದು ಬಣ್ಣ ಕೆಡುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಬೆಲೆ.

ಮಂಜುಗಡ್ಡೆ, ನೀರು, ಆವಿ ಇವು ಮೂರೂ ಒಂದೇ ವಸ್ತು, ವ್ಯತ್ಯಾಸ ಶಾಖದ್ದು. ಒಂದು ಕಿಲೋ ಮಂಜುಗಡ್ಡೆ ಕರಗಲು 80 ಕಿಲೋಕ್ಯಾಲೊರಿ ಸಾಕು. ಅಷ್ಟೇ ನೀರು ಬಿಸಿಲಿನಲ್ಲಿ ಆವಿಯಾಗಲು ಸುಮಾರು 580 ಬೇಕು. ಇದಕ್ಕೆ ನೀರು ಕುದಿಯಬೇಕಾಗಿಲ್ಲ. ಬಿಸಿಲು ಶಾಖ ಕೊಡುತ್ತದೆ, ಗಾಳಿ ಆವಿಯನ್ನು ಒಯ್ಯುತ್ತದೆ.

ಶೇಕಡಾ 70 ತೇವಾಂಶವಿರುವ 100 ಕಿಲೋ ಹಣ್ಣುಗಾಯಿಯನ್ನು ಶೇಕಡಾ 10ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 33 ಕಿಲೋ. 67 ಕಿಲೋ ನೀರು ಆವಿಯಾಗಿ ಹೋಗಬೇಕು. ಆದ್ದರಿಂದ ಕಾಯಿಯನ್ನು ತೆಳುವಾಗಿ ಹರವಿ, ಆಗಾಗ ಕೈಯಾಡಿಸಬೇಕು.

ಇಬ್ಬನಿಯಿಂದ ರಕ್ಷಣೆ

ರಾತ್ರಿ ತಂಪಾದ ಗಾಳಿ ತನ್ನಲ್ಲಿರುವ ಆವಿಯನ್ನೆಲ್ಲ ಹಿಡಿದಿಡಲಾರದು. ಹೆಚ್ಚಾದ ಆವಿ ಇಬ್ಬನಿಯಾಗಿ ಇಳಿದು, ಹಗಲಿನ ದುಡಿಮೆಯನ್ನು ಹಾಳುಮಾಡುತ್ತದೆ. ಸಂಜೆ ಕಾಯಿಯನ್ನು ರಾಶಿ ಮಾಡಿ, ಬಿಸಿ ಆರಿದ ಮೇಲೆ ತಾಡಪತ್ರಿ ಮುಚ್ಚಿರಿ. ಬಿಸಿ ರಾಶಿಗೆ ಮುಚ್ಚಿದರೆ ಆವಿಯು ತಾಡಪತ್ರಿಯ ಒಳಮೈಯಲ್ಲಿ ಹನಿಗಟ್ಟಿ ಕಾಯಿಯ ಮೇಲೆಯೇ ಬೀಳುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ನಂತರವೇ ರಾಶಿ ಬಿಚ್ಚಿರಿ.

ಶೀತಲಗೃಹದಲ್ಲಿ

ಬ್ಯಾಡಗಿಯ ಶೀತಲಗೃಹಗಳಲ್ಲಿ ಮೆಣಸಿನಕಾಯಿ ಚೀಲಗಳನ್ನು ತಿಂಗಳುಗಟ್ಟಲೆ ಇಡುವುದುಂಟು. ಶೀತಲಗೃಹಗಳಲ್ಲಿ ಸಾಮಾನ್ಯವಾಗಿ ಬಳಸುವ ಅಮೋನಿಯಾ, ಬಯಲಿನಲ್ಲಿ ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುವ ವಸ್ತು. ಕೊಳವೆಯೊಳಗೆ ಅದು ದ್ರವದಿಂದ ಅನಿಲವಾಗುವಾಗ ಕೋಣೆಯ ಶಾಖವನ್ನು ಹೀರುತ್ತದೆ. ಯಂತ್ರದ ಒತ್ತಡದಿಂದ ಹೊರಗೆ ಮತ್ತೆ ದ್ರವವಾಗುವಾಗ ಆ ಶಾಖವನ್ನು ಬಿಟ್ಟುಕೊಡುತ್ತದೆ. ಕಣದಲ್ಲಿ ಮೆಣಸಿನಕಾಯಿ ಒಣಗುವುದೂ ಇದೇ ನಿಯಮದಿಂದ.

ಹೊರತೆಗೆದ ತಣ್ಣನೆಯ ಚೀಲಕ್ಕೆ ಹೊರಗಿನ ಗಾಳಿ ತಗುಲಿದರೆ, ತಣ್ಣೀರಿನ ತಂಬಿಗೆಯಂತೆ ಅದೂ ಬೆವರುತ್ತದೆ. ಚೀಲಗಳನ್ನು ನೆರಳಿನಲ್ಲಿ ಹಲಗೆಯ ಮೇಲೆ ಬಿಡಿಬಿಡಿಯಾಗಿಟ್ಟು, ಹೊರಗಿನ ಬಿಸುಪಿಗೆ ಬಂದ ಮೇಲೆ ಬಾಯಿ ಬಿಚ್ಚಿರಿ.

ತೂಕದ ಆಸೆ ಬೇಡ

ತೂಕ ಬರಲೆಂದು ಒಣಗಾಯಿಗೆ ನೀರು ಚಿಮುಕಿಸುವುದು ಅಪಾಯಕಾರಿ. ತೇವ ಕಂಡಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಯುರೋಪಿನ ದೇಶಗಳು ಕಿಲೋ ಮೆಣಸಿನಕಾಯಿಯಲ್ಲಿ 10 ಮೈಕ್ರೋಗ್ರಾಮಿಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಒಪ್ಪುವುದಿಲ್ಲ. ಕಾಯಿಯನ್ನು ಮತ್ತೆ ಒಣಗಿಸಿದರೆ ನೀರು ಹೋದೀತು. ಒಮ್ಮೆ ಸೇರಿದ ವಿಷ ಹೋಗದು.

ಕಾಯಿ ಅಲುಗಿಸಿದಾಗ ಬೀಜ ಗಲಗಲ ಎನ್ನಬೇಕು. ಆಮೇಲೆಯೇ ಚೀಲ ತುಂಬಿರಿ.