ಜತ್ತದ ನೀರು: ನಂಬಿದ್ದೇನು, ಇರುವುದೇನು

ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಂತ ಕಡೆ ನೆಲದಡಿ ನೀರಿನ ಸೆಲೆ ಇದೆ ಎಂಬುದು ಬಯಲುಸೀಮೆಯ ಹಳೆಯ ನಂಬಿಕೆ.

ವಾಸ್ತವ: ನಾವೂ ಉಸಿರು ಬಿಗಿಹಿಡಿದು ಆ ಕಾಯಿಯನ್ನೇ ನೋಡುತ್ತ ನಿಂತವರು. ಕಾಯಿ ಏಳುವುದು ಸುಳ್ಳಲ್ಲ, ಹಿಡಿದವರು ಮೋಸಗಾರರೂ ಅಲ್ಲ. ಅವರಿಗೇ ಅರಿವಾಗದಷ್ಟು ಸಣ್ಣಗೆ ಬೆರಳು ಅಲುಗಿದರೂ ಕಾಯಿ ಏಳುತ್ತದೆ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಒಂದು ಕೊಟ್ಟಿಗೆಯ ಕೆಳ ಅಂತಸ್ತಿನಲ್ಲಿ ನೀರಿನ ಕೊಳವೆಯನ್ನು ಅತ್ತಿತ್ತ ಸರಿಸಿ, ಅಟ್ಟದ ಮೇಲಿದ್ದ ಜಲಶೋಧಕರಿಂದ ಜಾಗ ಹೇಳಿಸಿದರು. ಆ ಪ್ರಯೋಗದ ಅಂಕಿಗಳನ್ನು ಮತ್ತೆ ಜಾಲಾಡಿದಾಗ ಬರೀ ಊಹೆಗಿಂತ ಹೆಚ್ಚೇನೂ ಉಳಿಯಲಿಲ್ಲ. ನೀರಿನ ಸುಳಿವು ಕಾಯಿಯಲ್ಲಲ್ಲ, ಕಲ್ಲಿನಲ್ಲಿದೆ: ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ನಮ್ಮ ಜತ್ತದ ನೆಲ ದಖ್ಖನ್ನಿನ ಕರಿ ಬಸಾಲ್ಟ್ ಕಲ್ಲು. ನೀರು ನಿಲ್ಲುವುದು ಅದರ ಸವೆದ ಮೇಲ್ಪದರದಲ್ಲಿ, ಬಿರುಕುಗಳಲ್ಲಿ.

ಇನ್ನಷ್ಟು ಆಳ ಕೊರೆದರೆ ನೀರು ಸಿಕ್ಕೇ ಸಿಗುತ್ತದೆ ಅನ್ನುವುದು ಎರಡನೆಯದು.

ವಾಸ್ತವ: ಕೆಳಗಿಳಿದಷ್ಟೂ ಬಿರುಕುಗಳು ಸಾಮಾನ್ಯವಾಗಿ ಕಡಿಮೆ. ರಿಗ್ಗಿನಿಂದ ಬೂದಿ ಬಣ್ಣದ ಒಣ ಹುಡಿ ಹಾರುತ್ತಿದ್ದರೂ ಇನ್ನೊಂದು ಐವತ್ತು ಅಡಿ ಎನ್ನುತ್ತೇವೆ. ಏರುವುದು ಸಾಲ ಮಾತ್ರ. ನೀರು ಸಿಕ್ಕರೂ ಎಷ್ಟೋ ಸಲ ಅದು ಪಕ್ಕದವರ ಬಾವಿಯದೇ.

ಕಾಲುವೆ ನೀರು ಬಂದ ದಿನ ಬರ ಮುಗಿಯಿತು ಎಂದೂ ನಂಬಿದ್ದೆವು.

ವಾಸ್ತವ: ನೀರು ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸಹ್ಯಾದ್ರಿಯ ಮಳೆನೆರಳಿನ ಈ ಸೀಮೆಯ ಕನ್ನಡ ಹಳ್ಳಿಗಳು, ನೀರು ಕೊಡಿ, ಇಲ್ಲವೇ ಕರ್ನಾಟಕಕ್ಕೆ ಹೋಗುತ್ತೇವೆ ಎಂದದ್ದು ಸುಮ್ಮನೆ ಅಲ್ಲ. 2022ರ ಕೊನೆಗೆ ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯ ನೀರು ಜತ್ತದ ತಿಕ್ಕುಂಡಿ ಕೆರೆಗೆ ಹರಿಯಿತು. ಅತ್ತ ಮಹಾರಾಷ್ಟ್ರ ಮ್ಹೈಸಾಳ ಏತ ನೀರಾವರಿಯ ವಿಸ್ತರಣೆಗೆ ಮುಂದಾಯಿತು. ಆದರೆ ಕೃಷ್ಣೆಯಿಂದ ಮೇಲೆತ್ತಿದ ಪ್ರತಿ ಕೊಡಕ್ಕೂ ಕರೆಂಟಿನ ಬೆಲೆ ಇದೆ. ಅದು ಯಾರ ಹೊಲಕ್ಕೆ, ಯಾವ ಬೆಳೆಗೆ ಎಂಬುದನ್ನು ಮೊದಲೇ ಗೊತ್ತುಮಾಡದಿದ್ದರೆ ಕಾಲುವೆಯ ತಲೆಗಿದ್ದವರಿಗೆ ಕಬ್ಬು, ಬಾಲದಲ್ಲಿದ್ದವರಿಗೆ ಟ್ಯಾಂಕರು. ಇದಕ್ಕೆ ಉತ್ತರ ಹುಡುಕಿದವರು ಇದೇ ಸಾಂಗ್ಲಿ ಜಿಲ್ಲೆಯಲ್ಲಿದ್ದಾರೆ. 1980ರ ದಶಕದಲ್ಲಿ ಯೇರಳಾ ನದಿಯಲ್ಲಿ ತಾಂದೂಳವಾಡಿ, ಬಲವಡಿಯ ರೈತರು ಬಲಿರಾಜ ಅಣೆಕಟ್ಟನ್ನು ತಾವೇ ಕಟ್ಟಿಕೊಂಡರು. ಹೊಳೆಯ ಮರಳು ಮಾರಿದ ಹಣವನ್ನೂ ಅದಕ್ಕೆ ಸುರಿದರು. ಎಂಜಿನಿಯರ್, ಸಂಶೋಧಕ ಕೆ.ಆರ್. ದಾತೆ ಅವರ ಬೆನ್ನಿಗಿದ್ದರು. ಜಮೀನಿಲ್ಲದ ಮನೆಗೂ ನೀರಿನ ಪಾಲು, ಕಬ್ಬಿಗೆ ನೀರಿಲ್ಲ: ಅವರು ಹಾಕಿಕೊಂಡ ಕಟ್ಟುಪಾಡು ಇದು.

ಕಬ್ಬಿಲ್ಲದೆ ಏಳಿಗೆಯಿಲ್ಲ ಎಂಬುದು ಕೊನೆಯದು.

ವಾಸ್ತವ: ಜತ್ತದ ದಾಳಿಂಬೆ, ದ್ರಾಕ್ಷಿ ಹನಿ ನೀರಾವರಿಯಲ್ಲೇ ಬೆಳೆದು ಪೇಟೆ ಸೇರುತ್ತವೆ. ಇಲ್ಲಿನದೇ ಊರಿನ ಹೆಸರು ಹೊತ್ತ, ಬಾಗಿದ ಮೂಗಿನ ಮಾಡಗ್ಯಾಳ ಕುರಿ ಒಣ ಬಯಲಲ್ಲಿ ಮೇಯ್ದೇ ಒಳ್ಳೆಯ ಬೆಲೆ ತರುತ್ತದೆ.