ಎರಡು ಸೂಜಿ, ಒಂದು ದಾರ

1858ರ ಆಗಸ್ಟ್ 31ರಂದು ಪೀಲಿಭೀತ್ ಹತ್ತಿರದ ಸೀರ್‌ಪುರದಲ್ಲಿ ನಡೆದ ಕಾಳಗದಲ್ಲಿ ಸ್ಯಾಮ್ ಬ್ರೌನ್ ಎಂಬ ಬ್ರಿಟಿಷ್ ಅಶ್ವದಳದ ಅಧಿಕಾರಿ ಎಡಗೈ ಕಳೆದುಕೊಂಡ. ಕತ್ತಿ ಹಿರಿಯುವವನ ಒಂದು ಕೈ ಒರೆಯನ್ನು ಹಿಡಿದಿರಬೇಕು, ಇನ್ನೊಂದು ಕೈ ಹಿಡಿಯನ್ನು ಎಳೆಯಬೇಕು. ಒಂದೇ ಕೈ ಉಳಿದವನಿಗೆ ಸೊಂಟದಲ್ಲಿ ಜೋತಾಡುವ ಒರೆಯಿಂದ ಏನು ಪ್ರಯೋಜನ? ಬ್ರೌನ್ ಸೊಂಟದ ಅಗಲ ಪಟ್ಟಿಗೆ ಬಲ ಹೆಗಲ ಮೇಲಿಂದ ಹಾದುಬರುವ ಇನ್ನೊಂದು ಪಟ್ಟಿಯನ್ನು ಜೋಡಿಸಿ, ಒರೆ ಅಲುಗದೆ ನಿಲ್ಲುವಂತೆ ಮಾಡಿಕೊಂಡ. ಅದೇ ಪಟ್ಟಿಗೆ ರಿವಾಲ್ವರಿನ ಒರೆಯನ್ನೂ ಸಿಕ್ಕಿಸಬಹುದಿತ್ತು. ಪರೇಡಿನ ದಿನ ನಮ್ಮ ಪೊಲೀಸ್ ಅಧಿಕಾರಿಗಳ ಎದೆಯ ಮೇಲೆ ಓರೆಯಾಗಿ ಹೊಳೆಯುವ ಕ್ರಾಸ್ ಬೆಲ್ಟಿನ ಮೂಲ ಇದು.

ಇಂಗ್ಲಿಷಿನವರು ಹೋಲ್‌ಸ್ಟರ್ ಎನ್ನುವುದಕ್ಕೆ ಕನ್ನಡದ ‘ಒರೆ’ ಸಾಕು. ಕತ್ತಿಯದಾಗಲಿ ಪಿಸ್ತೂಲಿನದಾಗಲಿ, ಒರೆಗೆ ಇರುವುದು ಮೂರೇ ಕೆಲಸ. ಓಡಿದರೂ ಬಿದ್ದರೂ ಆಯುಧ ಜಾರಬಾರದು. ಕತ್ತಿಯಾದರೆ ಅಲಗು, ಪಿಸ್ತೂಲಾದರೆ ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಕೈ ಹಾಕಿದಾಗ ಮಾತ್ರ ಆಯುಧ ಸಲೀಸಾಗಿ ಹೊರಬರಬೇಕು. ಈ ಮೂರನ್ನೂ ಒಂದು ತುಂಡು ಚರ್ಮದಿಂದ ಮಾಡಿಸುವುದೇ ಇಲ್ಲಿನ ಕುಶಲತೆ. ಆ ಕುಶಲತೆಗೆ ಬೇಕಾದ ಸಲಕರಣೆ ಅಂಗಡಿಯವರು ಹೇಳುವುದಕ್ಕಿಂತ ಬಹಳ ಕಡಿಮೆ.

ಈ ಕಸುಬು ಹವ್ಯಾಸವಾಗಿ ಬೆಳೆದದ್ದು ಅಮೆರಿಕದಲ್ಲಿ. 1849ರಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದವರ ಸೊಂಟದಲ್ಲಿ ಕೋಲ್ಟ್ ರಿವಾಲ್ವರ್ ಇತ್ತು. ಅದಕ್ಕೆ ಒರೆ ಹೊಲಿದುಕೊಟ್ಟವರು ಅಲ್ಲಿನ ಕುದುರೆ ಜೀನು ಮಾಡುವವರು. ಅವರ ಒರೆ ರಿವಾಲ್ವರಿನ ಮೈಗೆ ಅಂಟಿಕೊಂಡಂತೆ ಸಪೂರವಾಗಿತ್ತು. 1870ರ ದಶಕದಲ್ಲಿ ತೋಟಾಗಳನ್ನು ಸಾಲಾಗಿ ಸಿಕ್ಕಿಸುವ ಅಗಲ ಪಟ್ಟಿ ಬಂದ ಮೇಲೆ ಒರೆಯ ರೂಪವೂ ಬದಲಾಯಿತು. ಒಂದೇ ಚರ್ಮದ ಹಿಂಭಾಗವನ್ನು ಕೆಳಕ್ಕೆ ಮಡಚಿ, ಅದರಲ್ಲಿ ಸೀಳು ಮಾಡಿ, ಚೀಲದ ಭಾಗವನ್ನು ಆ ಸೀಳಿನೊಳಗೆ ತೂರಿಸುವ ಮಾದರಿ ಬಂತು. ಅದನ್ನು ಮೆಕ್ಸಿಕನ್ ಲೂಪ್ ಎನ್ನುತ್ತಾರೆ. ಗುಂಡಿಯಿಲ್ಲ, ಬಕಲ್ ಇಲ್ಲ, ಚರ್ಮವೇ ಚರ್ಮವನ್ನು ಹಿಡಿಯುತ್ತದೆ. ಸಿನಿಮಾಗಳಲ್ಲಿ ಕಾಣುವ, ತೊಡೆಗೆ ಬಿಗಿದು ಕೆಳಕ್ಕೆ ಇಳಿಬಿದ್ದ ಒರೆ ಹೆಚ್ಚಾಗಿ ಹಾಲಿವುಡ್ಡಿನದು. ದಿನವಿಡೀ ಕುದುರೆ ಮೇಲಿರುವ ದನಗಾಹಿಗೆ ಒರೆ ಸೊಂಟಕ್ಕೆ ಹತ್ತಿರ, ಆಳವಾಗಿ ಇರಬೇಕಿತ್ತು. ಇಲ್ಲದಿದ್ದರೆ ಸಂಜೆಯೊಳಗೆ ರಿವಾಲ್ವರ್ ಹುಲ್ಲಿನಲ್ಲಿ ಬಿದ್ದಿರುತ್ತಿತ್ತು.

ಹವ್ಯಾಸಿಗಳ ಕೈಗೆ ಉಪಕರಣ ಬಂದ ಕಥೆ ಬೇರೆ. ಟೆಕ್ಸಾಸಿನ ಫೋರ್ಟ್‌ವರ್ತ್‌ನಲ್ಲಿ 1919ರಲ್ಲಿ ಹಿಂಕ್ಲಿ ಮತ್ತು ಟ್ಯಾಂಡಿ ಎಂಬಿಬ್ಬರು ಚಪ್ಪಲಿ ರಿಪೇರಿಯವರಿಗೆ ಚರ್ಮ ಮಾರುವ ವ್ಯಾಪಾರ ಶುರುಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿದ್ದ ಟ್ಯಾಂಡಿಯ ಮಗ ಚಾರ್ಲ್ಸ್, ಗಾಯಗೊಂಡ ಸೈನಿಕರು ಆಸ್ಪತ್ರೆಯಲ್ಲಿ ಚೇತರಿಕೆಗಾಗಿ ಚರ್ಮದ ಕೆಲಸ ಮಾಡುವುದನ್ನು ಗಮನಿಸಿದ. ಯುದ್ಧ ಮುಗಿದ ಮೇಲೆ ಅವನು ಅಂಗಡಿಯನ್ನು ಹವ್ಯಾಸಿಗಳತ್ತ ತಿರುಗಿಸಿದ. ಟ್ಯಾಂಡಿ ಲೆದರ್ ಇಂದಿಗೂ ನಡೆಯುತ್ತಿದೆ. ಅದೇ ವಲಯದಲ್ಲಿ ಆಲ್ ಸ್ಟೋಲ್‌ಮನ್ ಎಂಬ ಕುಶಲಿ, ಒರೆ ಮಾಡುವುದು ಹೇಗೆಂದು ಚಿತ್ರ ಸಮೇತ ಕಲಿಸುವ ಪುಸ್ತಕ ಬರೆದರು. ಆಸಕ್ತರು ಈಗಲೂ ಅದನ್ನು ಹುಡುಕಿ ಓದುತ್ತಾರೆ.

ಇನ್ನು ಚರ್ಮ. ಹೊಸಬರು ಇಲ್ಲೇ ಎಡವುವುದು, ಹಣ ಹಾಕಬೇಕಾದದ್ದೂ ಇಲ್ಲೇ. ಚರ್ಮವನ್ನು ಹದ ಮಾಡಲು ಮುಖ್ಯವಾಗಿ ಎರಡು ದಾರಿ. ತೊಗಟೆ, ಕಾಯಿಗಳ ಒಗರು ರಸದಲ್ಲಿ ವಾರಗಟ್ಟಲೆ ನೆನೆಹಾಕುವುದು ಹಳೆಯದು. ನಮ್ಮ ಕಡೆ ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ ಈ ಕೆಲಸಕ್ಕೆ ಬಂದವು. ಅಥಣಿಯ ಚಪ್ಪಲಿಯ ಗಟ್ಟಿ ಅಟ್ಟೆ ಇಂಥ ಚರ್ಮದ್ದೇ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದ್ದು ಈ ಕಸುಬು ಇಲ್ಲಿಯೂ ಅಷ್ಟೇ ಹಳೆಯದು ಎಂಬ ಕಾರಣಕ್ಕೆ. ಎರಡನೆಯದು ಕ್ರೋಮಿಯಂ ಲವಣದ ಹದ. ಒಂದೆರಡು ದಿನದಲ್ಲಿ ಮುಗಿಯುತ್ತದೆ. 20ನೇ ಶತಮಾನದ ಆರಂಭದಲ್ಲಿ ಇದನ್ನು ಮದ್ರಾಸಿನಲ್ಲಿ ನೆಲೆಗೊಳಿಸಿದ ಆಲ್ಫ್ರೆಡ್ ಚಾಟರ್‌ಟನ್ ಮುಂದೆ ಮೈಸೂರು ಸಂಸ್ಥಾನದಲ್ಲಿ ಕೈಗಾರಿಕಾ ಇಲಾಖೆಯ ನಿರ್ದೇಶಕನಾಗಿಯೂ ಇದ್ದ.

ಕ್ರೋಮ್ ಹದದ ಚರ್ಮ ಮೆತ್ತಗೆ, ನೀರಿಗೆ ಅಂಜದು, ಬ್ಯಾಗು ಜಾಕೆಟ್ಟುಗಳಿಗೆ ಬಹಳ ಚೆನ್ನ. ಒರೆಗೆ ಮಾತ್ರ ಬೇಡ. ಒದ್ದೆ ಮಾಡಿ ಒತ್ತಿದರೆ ಅದು ಆಕಾರ ಹಿಡಿಯುವುದಿಲ್ಲ, ಒಣಗಿದ ಮೇಲೆ ಮತ್ತೆ ಜೋಲುತ್ತದೆ. ಬಾಯಿ ಜೋತುಬಿದ್ದ ಒರೆಯ ಅಂಚು ಪಿಸ್ತೂಲನ್ನು ಒಳಗಿಡುವಾಗ ಟ್ರಿಗರಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಅದರಲ್ಲಿ ಉಳಿದ ಲವಣ ಉಕ್ಕಿಗೂ ಒಳ್ಳೆಯದಲ್ಲ. ಕೊಳ್ಳುವಾಗ ಗುರುತಿಸುವುದು ಕಷ್ಟವೇನಲ್ಲ: ಕತ್ತರಿಸಿದ ಅಂಚನ್ನು ನೋಡಬೇಕು. ತೊಗಟೆ ಹದದ್ದು ಒಳಗೂ ಹೊರಗೂ ಒಂದೇ ಕಂದು ಬಣ್ಣ. ಕ್ರೋಮಿನದಾದರೆ ನಡುವೆ ನೀಲಿ ಬೂದು ಬಣ್ಣದ ಗೆರೆ ಸಾಮಾನ್ಯವಾಗಿ ಕಾಣುತ್ತದೆ. ಬಣ್ಣ ಹಾಕದ ತೊಗಟೆ ಚರ್ಮದ ಮೇಲೆ ಒಂದು ಹನಿ ನೀರು ಬಿಟ್ಟರೆ ಅಲ್ಲಿ ಕೂಡಲೇ ಕಪ್ಪಾಗುತ್ತದೆ.

ದಪ್ಪ ಮೂರರಿಂದ ಮೂರೂವರೆ ಮಿಲಿಮೀಟರ್ ಇರಲಿ. ಅಮೆರಿಕದವರು ಇದನ್ನು ಔನ್ಸಿನಲ್ಲಿ ಎಣಿಸುತ್ತಾರೆ. ಒಂದು ಔನ್ಸ್ ಎಂದರೆ ಅಂಗುಲದ 64ನೇ ಒಂದು ಭಾಗ, ಸುಮಾರು 0.4 ಮಿಲಿಮೀಟರ್. ಅವರ ಪುಸ್ತಕದಲ್ಲಿ ಎಂಟು ಒಂಬತ್ತು ಔನ್ಸ್ ಎಂದಿದ್ದರೆ ಇದೇ ದಪ್ಪ. ಚರ್ಮ ಪ್ರಾಣಿಯ ಬೆನ್ನಿನದಾಗಿರಬೇಕು. ಹೊಟ್ಟೆಯ ಭಾಗ ಅಗ್ಗಕ್ಕೆ ಸಿಗುತ್ತದೆ, ಆದರೆ ರಬ್ಬರಿನಂತೆ ಹಿಗ್ಗುತ್ತದೆ. ಕುದುರೆ ಜೀನು, ಲಗಾಮುಗಳಿಗೆ ಹೆಸರಾದ ಕಾನ್ಪುರದಲ್ಲಿ ಇಂಥ ಗಟ್ಟಿ ಚರ್ಮದ ವ್ಯಾಪಾರ ಹಳೆಯದು. ಇಡೀ ಹಾಳೆ ಕೊಳ್ಳಬೇಕಿಲ್ಲ. ಬೆಲ್ಟು ಕತ್ತರಿಸಿ ಉಳಿದ ತುಂಡುಗಳಲ್ಲೇ ಒಂದು ಒರೆ ಆಗುತ್ತದೆ.

ಉಪಕರಣಗಳ ವಿಷಯಕ್ಕೆ ಬಂದರೆ, ಐವತ್ತು ಅರವತ್ತು ತುಂಡುಗಳ ಡಬ್ಬಿಯೊಂದು ಅಗ್ಗದ ಬೆಲೆಗೆ ಕಣ್ಣು ಕುಕ್ಕುತ್ತದೆ. ಅದನ್ನು ಕೊಳ್ಳದಿರುವುದೇ ಮೇಲು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೂಬಳ್ಳಿ ಅಚ್ಚೊತ್ತುವ ಮೊಳೆಗಳು, ಒರೆಗೆ ಬೇಡವಾದವು. ಬೇಕಾದದ್ದು ತೂತು ಚುಚ್ಚುವ ಆರೆ, ಅದರ ಮೊನೆ ಮೊಂಡು, ಚಾಕುವಿನ ಉಕ್ಕು ಮೆದು. ಅದರ ಬದಲು ಚಪ್ಪಲಿ ಹೊಲಿಯುವವರಿಗೆ ಸಾಮಾನು ಮಾರುವ ಅಂಗಡಿಗೆ ಹೋದರೆ ಸಮಗಾರರು ತಲೆಮಾರುಗಳಿಂದ ಬಳಸುವ ರಂಪಿಗೆ ಸಿಗುತ್ತದೆ. ಅಗಲ ಬಾಯಿಯ ಆ ಕತ್ತಿ ಸಾಣೆ ಹಿಡಿದಷ್ಟೂ ಚೂಪಾಗುತ್ತದೆ, ಮೂರು ಮಿಲಿಮೀಟರಿನ ಚರ್ಮವನ್ನು ಒಂದೇ ಎಳೆತಕ್ಕೆ ಸೀಳುತ್ತದೆ. ಅಟ್ಟೆಯನ್ನು ಅಳತೆಯಿಲ್ಲದೆ ಕಣ್ಣಂದಾಜಿನಲ್ಲೇ ಕತ್ತರಿಸುವ ಹಿರಿಯ ಸಮಗಾರರ ಬಳಿ ಅರ್ಧ ದಿನ ಕೂತರೆ ಕಲಿಯುವುದು ಯಾವ ಡಬ್ಬಿಯಲ್ಲೂ ಸಿಗದು.

ಕಾಸು ಕೊಟ್ಟು ಒಳ್ಳೆಯದನ್ನೇ ತರಬೇಕಾದದ್ದು ಎರಡು. ಒಂದು, ವಜ್ರಾಕಾರದ ಮೊನೆಯ ಆರೆ. ದುಂಡು ಮೊನೆ ಮಾಡುವ ತೂತು ದುಂಡಾಗಿಯೇ ಬಾಯಿಬಿಟ್ಟುಕೊಂಡಿರುತ್ತದೆ. ವಜ್ರಾಕಾರದ ಮೊನೆ ಮಾಡುವುದು ಸಣ್ಣ ಸೀಳು. ದಾರ ಹಾದ ಮೇಲೆ ಚರ್ಮ ಅದನ್ನು ಕಚ್ಚಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು, ಅಂಚಿನ ಚೂಪು ಮೂಲೆಯನ್ನು ಹೆರೆದು ದುಂಡಗೆ ಮಾಡುವ ಸಣ್ಣ ಉಳಿ. ಅಮೆರಿಕದ ಸಿ. ಎಸ್. ಆಸ್ಬರ್ನ್ ಕಂಪನಿ 1826ರಿಂದ, ಪ್ಯಾರಿಸಿನ ವೆರ್ಜೆ ಬ್ಲಾಂಶಾರ್ 1823ರಿಂದ ಇಂಥವನ್ನು ಮಾಡುತ್ತಿವೆ. ಅವುಗಳ ಹಳೆಯ, ಕೈ ಬದಲಾದ ಉಪಕರಣ ಸಿಕ್ಕರೆ ಹೊಸ ಅಗ್ಗದ್ದಕ್ಕಿಂತ ಅದೇ ಲೇಸು.

ಉಳಿದದ್ದು ಮನೆಯ ಸುತ್ತಲೇ ಇದೆ. ಹೊಲಿಗೆಯ ಗೆರೆ ಎಳೆಯಲು ಮಕ್ಕಳ ಜಾಮಿಟ್ರಿ ಬಾಕ್ಸಿನ ಕೈವಾರ ಸಾಕು: ಒಂದು ಕಾಲನ್ನು ಚರ್ಮದ ಅಂಚಿಗೆ ತಾಗಿಸಿ ಎಳೆದರೆ ಉದ್ದಕ್ಕೂ ಒಂದೇ ಅಂತರದ ಗೀರು ಬೀಳುತ್ತದೆ. ಆ ಗೀರಿನ ಮೇಲೆ ಊಟದ ಫೋರ್ಕನ್ನು ಒತ್ತುತ್ತ ಹೋದರೆ ಸಮ ಅಂತರದ ಚುಕ್ಕೆಗಳು. ಕಡೆಯ ಚುಕ್ಕೆಯಲ್ಲಿ ಮೊದಲ ಹಲ್ಲನ್ನು ಕೂರಿಸಿ ಮುಂದಕ್ಕೆ ಒತ್ತಬೇಕು, ಅಷ್ಟೆ. ಬಡಿಯಲು ಬಡಗಿಯ ಕೊಡತಿ. ಕಬ್ಬಿಣದ ಸುತ್ತಿಗೆ ಉಪಕರಣದ ತಲೆಯನ್ನು ಹಾಳುಮಾಡುತ್ತದೆ. ಕೆಳಗೆ ಇಡಲು ಗ್ರಾನೈಟ್ ಅಂಗಡಿಯ ಹಿಂದೆ ಬಿದ್ದಿರುವ ಒಂದು ಚೂರು. ಅಂಚು ತಿಕ್ಕಿ ಹೊಳಪು ತರಲು ಒದ್ದೆ ಬಟ್ಟೆ ಮತ್ತು ನಯವಾದ ಮರದ ಕೋಲು. ಹೊಲಿಯುವಾಗ ಚರ್ಮವನ್ನು ಎರಡು ಮಂಡಿಗಳ ನಡುವೆ ಹಿಡಿದಿಡುವ ಮರದ ಇಕ್ಕಳವನ್ನು ಯಾವ ಬಡಗಿಯಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾನೆ.

ಮಾದರಿ ಕತ್ತರಿಸಲು ಮೊದಲು ರಟ್ಟು. ನಿಜವಾದ ಆಯುಧವನ್ನು ಮೇಜಿನ ಮೇಲಿಟ್ಟುಕೊಂಡು ಕೆಲಸ ಮಾಡುವುದು ಸರಿಯಲ್ಲ. ಪರವಾನಗಿ ಇದ್ದವರೂ ಅದೇ ಅಳತೆಯ ಪ್ಲಾಸ್ಟಿಕ್ ಪ್ರತಿಯನ್ನೋ ಮರದ ಅಚ್ಚನ್ನೋ ಬಳಸುವುದು ಕಸುಬಿನವರ ಪದ್ಧತಿ. ಚಪ್ಪಲಿಗೆ ಕಾಲಚ್ಚು ಇದ್ದ ಹಾಗೆ. ಅಚ್ಚನ್ನು ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆದು, ಅದರಷ್ಟೇ ಕತ್ತರಿಸಿದರೆ ಒರೆ ಖಂಡಿತ ಬಿಗಿಯಾಗುತ್ತದೆ. ಅಚ್ಚಿನ ಅರ್ಧ ದಪ್ಪ, ಚರ್ಮದ ದಪ್ಪ, ಹೊಲಿಗೆಯ ಜಾಗ ಇಷ್ಟನ್ನೂ ಗೆರೆಯಾಚೆ ಬಿಡಬೇಕು. ಹೊಲಿಗೆಯ ಬದಿಯಲ್ಲಿ ಎರಡು ಪದರಗಳ ನಡುವೆ ಒಂದು ಸಣ್ಣ ಚರ್ಮದ ಪಟ್ಟಿ ಸೇರಿಸುವುದೂ ಉಂಟು. ಲೋಹ ದಾರಕ್ಕೆ ತಾಗದಂತೆ ಅದು ಅಡ್ಡ ನಿಲ್ಲುತ್ತದೆ. ಚಾಕುವಿನ ಒರೆಯಲ್ಲಂತೂ ಅದು ಇಲ್ಲದಿದ್ದರೆ ಅಲಗು ಹೊಲಿಗೆಯನ್ನೇ ಕೊಯ್ದುಬಿಡುತ್ತದೆ. ಪಿಸ್ತೂಲಿನ ಗೊಡವೆಯೇ ಬೇಡ ಎನ್ನುವವರು ಕುಡುಗೋಲಿಗೋ ತೋಟದ ಕತ್ತಿಗೋ ಒರೆ ಹೊಲಿದರೂ ಇದೇ ಕೆಲಸ, ಇದೇ ಕಲಿಕೆ.

ಹೊಲಿಗೆಗೆ ಒಂದು ದಾರ, ಎರಡು ತುದಿಗೆ ಎರಡು ಮೊಂಡು ಸೂಜಿ. ಹೊಲಿಯುವ ಉದ್ದದ ನಾಲ್ಕು ಪಟ್ಟು ದಾರ ತೆಗೆದುಕೊಂಡು, ಜೇನುಮೇಣದ ಉಂಡೆಯ ಮೇಲೆ ಎರಡು ಮೂರು ಸಲ ಎಳೆದರೆ ಅದು ಅಂಟಂಟಾಗಿ ಬಿರುಸಾಗುತ್ತದೆ. ಬಲಗೈಯಲ್ಲಿ ಆರೆ ಹಿಡಿದು ತೂತು ಮಾಡಿ, ಎಡಗಡೆಯ ಸೂಜಿಯನ್ನು ಅದರೊಳಗೆ ತೂರಿಸಬೇಕು. ಬಂದ ದಾರವನ್ನು ತುಸು ಹಿಂದಕ್ಕೆ ಎಳೆದು ಹಿಡಿದು, ಬಲಗಡೆಯ ಸೂಜಿಯನ್ನು ಅದೇ ತೂತಿನಲ್ಲಿ ಆಚೆ ಕಳಿಸಬೇಕು. ಎಳೆದು ಹಿಡಿಯದಿದ್ದರೆ ಎರಡನೆಯ ಸೂಜಿ ಮೊದಲ ದಾರವನ್ನೇ ಚುಚ್ಚುತ್ತದೆ, ಆಮೇಲೆ ಹೊಲಿಗೆ ಬಿಗಿಯಾಗದು. ಎರಡೂ ತುದಿಯನ್ನು ಒಟ್ಟಿಗೆ, ಒಂದೇ ಬಲದಿಂದ ಎಳೆದಾಗ ಮೇಣ ಬಳಿದ ದಾರ ಚರ್ಮಕ್ಕೆ ಇಳಿಯುವ ಸಣ್ಣ ಕಿರ್ ಸದ್ದು ಕೇಳುತ್ತದೆ. ಪ್ರತಿ ಸಲವೂ ಅದೇ ಕ್ರಮ, ಎಡ ಮೊದಲು, ಬಲ ಆಮೇಲೆ. ಒಂದು ಕಡೆ ತಪ್ಪಿದರೂ ಸಾಲಿನಲ್ಲಿ ಆ ಹೊಲಿಗೆ ಸೊಟ್ಟಗೆ ಎದ್ದು ಕಾಣುತ್ತದೆ. ಕೊನೆಯಲ್ಲಿ ಗಂಟು ಬೇಡ. ಎರಡು ಮೂರು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸಿದರೆ ಆಯಿತು.

ಹೊಲಿಗೆ ಯಂತ್ರದಲ್ಲಿ ಮೇಲಿನ ದಾರ, ಕೆಳಗಿನ ದಾರ ನಡುವೆ ಒಂದಕ್ಕೊಂದು ಕೊಂಡಿಯಾಗಿರುತ್ತವೆ. ಒಂದು ಕಡೆ ಸವೆದು ಹರಿದರೆ ಸಾಲೇ ಬಿಚ್ಚಿಕೊಳ್ಳಬಹುದು. ಎರಡು ಸೂಜಿಯ ಹೊಲಿಗೆಯಲ್ಲಿ ಪ್ರತಿ ತೂತಿನಲ್ಲೂ ಎರಡು ಎಳೆ. ಒಂದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಜೀನಿನ ಹೊಲಿಗೆ ಎಂಬ ಅರ್ಥದ ಹೆಸರೇ ಇದೆ. ಕುದುರೆ ಓಡುವಾಗ ಜೀನು ಬಿಚ್ಚಿದರೆ ಸವಾರ ಉಳಿಯುವುದಿಲ್ಲವಲ್ಲ.

ಹೊಲಿದ ಒರೆ ಇನ್ನೂ ಚಪ್ಪಟೆ ಚೀಲ. ಅದನ್ನು ಉಗುರುಬೆಚ್ಚನೆ ನೀರಿನಲ್ಲಿ ಅದ್ದಿ ತೆಗೆದು, ಮೇಲ್ಮೈಯ ಬಣ್ಣ ಮರಳಿ ತಿಳಿಯಾಗಲು ಶುರುವಾಗುವ ತನಕ ಕಾಯಬೇಕು. ಅಚ್ಚಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಒಳಗೆ ತೂರಿಸಿ, ಹೆಬ್ಬೆರಳಿನ ಮೆದು ಭಾಗದಿಂದ ಒತ್ತುತ್ತ ಹೋಗುವುದು. ಉಗುರು ತಾಗಿದರೆ ಆ ಗುರುತು ಒರೆ ಇರುವಷ್ಟು ದಿನವೂ ಇರುತ್ತದೆ. ಟ್ರಿಗರಿನ ಬಳೆಯ ಸುತ್ತ ಹೆಚ್ಚು ಒತ್ತಬೇಕು, ಆಯುಧವನ್ನು ಮುಖ್ಯವಾಗಿ ಹಿಡಿದಿಡುವುದು ಆ ತಗ್ಗು. ನಳಿಕೆಯ ಮೇಲಿನ ಗುರಿಮೊನೆಗೆ ದಾರಿ ಬಿಡಲು ಅಚ್ಚಿನ ಬೆನ್ನಿಗೆ ಒಂದು ಸಣ್ಣ ಕಡ್ಡಿ ಅಂಟಿಸಿರುತ್ತಾರೆ. ಅದನ್ನು ಮರೆತರೆ ಗುರಿಮೊನೆ ಪ್ರತಿ ಸಲ ಚರ್ಮವನ್ನು ಗೀರುತ್ತದೆ.

ಒಣಗಿಸುವುದು ನೆರಳಿನಲ್ಲಿ, ಒಂದು ಹಗಲು ಒಂದು ರಾತ್ರಿ. ಬಿಸಿಲಿಗಾಗಲಿ ಒಲೆಯ ಹತ್ತಿರಕ್ಕಾಗಲಿ ಇಟ್ಟರೆ ಚರ್ಮ ಸುಕ್ಕುಗಟ್ಟಿ ಬಿರಿಯುತ್ತದೆ. ಪೂರ್ತಿ ಒಣಗಿದ ಮೇಲೆ ದನದ ಕಾಲಿನ ಮೂಳೆಯಿಂದ ತೆಗೆದ ನೀಟ್ಸ್‌ಫುಟ್ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಬೇಕು. ಹೆಚ್ಚಾದರೆ ಕಷ್ಟಪಟ್ಟು ಗಟ್ಟಿ ಮಾಡಿದ್ದು ಮತ್ತೆ ಮೆತ್ತಗಾಗುತ್ತದೆ.

ಇಷ್ಟೆಲ್ಲ ಶ್ರಮದ ಎದುರು ನಿಂತಿರುವುದು ಪ್ಲಾಸ್ಟಿಕ್. ವಿಮಾನದ ಒಳಗೋಡೆಗಳಿಗೆಂದು 1960ರ ದಶಕದಲ್ಲಿ ತಯಾರಾದ ಕೈಡೆಕ್ಸ್ ಹಾಳೆಯನ್ನು ಕಾಯಿಸಿ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಒರೆ. ಮಳೆಗೆ ಬೆವರಿಗೆ ಅಂಜದು, ಬಾಯಿ ಜೋತುಬೀಳದು. ಅಮೆರಿಕದ ಸೇನೆ 1980ರ ದಶಕದಲ್ಲಿ ಹೊಸ ಪಿಸ್ತೂಲಿನ ಜೊತೆಗೆ ಚರ್ಮವನ್ನು ಬಿಟ್ಟು ನೈಲಾನ್ ಒರೆಗೆ ಹೋಯಿತು. ಹಾಗೆ ಹೋದದ್ದು ತಪ್ಪೆನ್ನಲಾಗದು. ಚರ್ಮ ತೇವ ಹಿಡಿದಿಡುತ್ತದೆ; ತೊಗಟೆಯ ಒಗರು ಲೋಹಕ್ಕೆ ಹಿತವಲ್ಲ. ಚರ್ಮದ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಬಿಟ್ಟ ಹಿತ್ತಾಳೆಯ ತೋಟಾಗಳ ಮೇಲೆ ಹಸಿರು ಕಿಲುಬು ಕಟ್ಟಿಕೊಳ್ಳುವುದನ್ನು ಹಳೆಯ ಬೇಟೆಗಾರರು ಬಲ್ಲರು. ಆದ್ದರಿಂದ ಒರೆ ತೊಡುವುದಕ್ಕೆ ಮಾತ್ರ, ಆಯುಧವನ್ನು ಇಟ್ಟಿರುವುದಕ್ಕಲ್ಲ.

ಹೊಸ ಒರೆ ಮೊದಲ ದಿನ ಅಚ್ಚನ್ನು ಬಿಡಲು ಒಪ್ಪುವುದಿಲ್ಲ. ಗಾಬರಿಯಾಗಿ ಹೊಲಿಗೆ ಬಿಚ್ಚಬೇಕಿಲ್ಲ, ಎಣ್ಣೆ ಸುರಿಯಬೇಕಿಲ್ಲ. ಅಚ್ಚಿಗೆ ಎರಡು ಸುತ್ತು ಪ್ಲಾಸ್ಟಿಕ್ ಚೀಲ ಸುತ್ತಿ ಒಳಗೆ ತಳ್ಳಿ, ಒಂದು ರಾತ್ರಿ ಹಾಗೇ ಬಿಟ್ಟರೆ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಬೆಳಿಗ್ಗೆ ಚೀಲ ತೆಗೆದು ಅಚ್ಚನ್ನು ಮತ್ತೆ ಕೂರಿಸಿ, ಒರೆಯನ್ನು ತಲೆಕೆಳಗು ಮಾಡಿ ಮೆಲ್ಲಗೆ ಅಲುಗಿಸಿ ನೋಡಬೇಕು. ಅಚ್ಚು ಕೆಳಗೆ ಬೀಳದೆ ನಿಂತು, ಕೈ ಹಾಕಿ ಎಳೆದಾಗ ಬಂದರೆ ಆ ಒರೆಯನ್ನು ಬೆಲ್ಟಿಗೆ ಏರಿಸಬಹುದು.